ಗೊತ್ತಪ್ಪ ಅಜ್ಜಿಯನ್ನು ಒರೆಸಿದ್ದು

ಕಲ್ಲು ಕ್ವಾರಿಯಲ್ಲಿ ಹಗಲು ಪಾಳಿಯ ಎಕ್ಸ್‌ಕವೇಟರ್ ನಡೆಸುವ ಆಪರೇಟರನಿಗೆ ಹೆತ್ತವರು ಇಟ್ಟ ಹೆಸರು ಬೇರೆ ಏನೋ ಇತ್ತು. ಅದು ಈಗ ಅವನ ಹೆಂಡತಿಗೂ ಥಟ್ಟನೆ ನೆನಪಾಗುವುದಿಲ್ಲ. ಎಲ್ಲರೂ ಅವನನ್ನು ಕರೆಯುವುದು ಗೊತ್ತಪ್ಪ ಎಂದು. ಯಾರು ಏನು ಹೇಳಲು ಬಾಯಿ ತೆರೆದರೂ, ಮಾತು ಅರ್ಧ ಹಾದಿಗೆ ಬರುವಷ್ಟರಲ್ಲಿ ‘ಗೊತ್ತು, ಗೊತ್ತು’ ಎಂದು ಎದುರು ಹೋಗಿ ತಡೆದು ನಿಲ್ಲಿಸುವುದು ಅವನ ಹುಟ್ಟುಗುಣ. “ರೀ, ಹಾಲು ಒಲೆ ಮೇಲಿದೆ...” ಎಂದು ಹೆಂಡತಿ ಶುರು ಮಾಡಿದರೆ “ಗೊತ್ತು” ಎನ್ನುತ್ತಾನೆ. ಹಾಲು ಉಕ್ಕಿ ಒಲೆ ಆರಿದ ಮೇಲೂ “ಗೊತ್ತು” ಎನ್ನುತ್ತಲೇ ಕಟ್ಟೆ ಒರೆಸುತ್ತಾನೆ. ಒಮ್ಮೆ ಡಾಕ್ಟರು “ಈ ಮಾತ್ರೆ ನೀರಲ್ಲಿ...” ಎನ್ನುವಷ್ಟರಲ್ಲಿ “ಗೊತ್ತು ಸಾರ್” ಎಂದು ಎದ್ದು ಬಂದು, ಕರಗಿಸಿ ಗಂಟಲು ಮುಕ್ಕಳಿಸಬೇಕಾದ ಮಾತ್ರೆಯನ್ನು ಇಡಿಯಾಗಿ ನುಂಗಿ, ಬಾಯಿ ಮೂಗಿನಲ್ಲೆಲ್ಲ ನೊರೆ ಬಿಡುತ್ತ ಒಂದು ಮಧ್ಯಾಹ್ನ ಕಳೆದಿದ್ದ. ಹಾಗಂತ ಕೆಟ್ಟವನಲ್ಲ. ಪಾಪ, ಹೇಳುವವರಿಗೆ ಯಾಕೆ ತೊಂದರೆ ಎಂಬ ಒಳ್ಳೆಯತನವೂ ಆ ‘ಗೊತ್ತು’ವಿನಲ್ಲಿ ಅರ್ಧ ಬೆರೆತಿತ್ತು. ಉಳಿದರ್ಧ ಜಂಬ. ಅದನ್ನು ಮುಚ್ಚಿಟ್ಟು ನಮಗೇನೂ ಆಗಬೇಕಾಗಿಲ್ಲ.

ಅವನು ನಡೆಸುತ್ತಿದ್ದ ಯಂತ್ರಕ್ಕೆ ಕ್ವಾರಿಯಲ್ಲಿ ಅಜ್ಜಿ ಎಂದು ಹೆಸರು. ತೋಳು ಎತ್ತುವಾಗಲೂ ನರಳುತ್ತಿತ್ತು, ಇಳಿಸುವಾಗಲೂ ನರಳುತ್ತಿತ್ತು. ಆದರೆ ಒಮ್ಮೆ ಕೈ ಹಾಕಿದರೆ ಟಿಪ್ಪರ್ ತುಂಬುವ ತನಕ ಬಿಡುತ್ತಿರಲಿಲ್ಲ. ಈ ಅಜ್ಜಿಗೆ ಇಬ್ಬರು ಮೊಮ್ಮಕ್ಕಳು. ಹಗಲಿಗೆ ಗೊತ್ತಪ್ಪ, ರಾತ್ರಿಗೆ ಬೆಟ್ಟಣ್ಣ. ಬೆಟ್ಟಣ್ಣನಿಗೆ ಆ ಹೆಸರು ಬಂದದ್ದು ಗಾತ್ರದಿಂದ. ಮನಸ್ಸು ಮಾತ್ರ ನೀರಗುಳ್ಳೆ. ಉಫ್ ಎಂದರೆ ಒಡೆಯುತ್ತಿತ್ತು.

ಅಜ್ಜಿಯ ಕ್ಯಾಬ್ ಎಂದರೆ ಗಾಜಿನ ಒಂದು ಗೂಡು. ಒಬ್ಬ ಕೂತರೆ ಇನ್ನೊಬ್ಬನಿಗೆ ನಿಲ್ಲಲೂ ಜಾಗವಿಲ್ಲ. ಒಂದು ಸೀಟು, ಎರಡು ಲಿವರು, ತಲೆಯ ಹಿಂದೆ ಒಂದು ಟವೆಲ್ಲು, ಕೊಕ್ಕೆಗೆ ನೇತುಹಾಕಿದ ಒಂದು ಸ್ಟೀಲ್ ಲೋಟ. ಟವೆಲ್ಲೂ ಲೋಟವೂ ಇಬ್ಬರದೂ. ಬೆಟ್ಟಣ್ಣನ ಭಾರಕ್ಕೆ ಸೀಟಿನ ನಡುವೆ ಹಳ್ಳ ಬಿದ್ದಿತ್ತು. ಸಣಕಲ ಗೊತ್ತಪ್ಪ ಬೆಳಿಗ್ಗೆ ಅದರೊಳಗೆ ಇಳಿದು ಕೂತರೆ, ಹೊರಗಿನವರಿಗೆ ಅಜ್ಜಿ ತಾನಾಗಿಯೇ ಕೆಲಸ ಮಾಡುತ್ತಿರುವಂತೆ ಕಾಣುತ್ತಿತ್ತು. ಬೆಳಿಗ್ಗೆ ಬೆಟ್ಟಣ್ಣ ಇಳಿಯುವ ಮೊದಲು ಫ್ಲಾಸ್ಕಿನ ಕೊನೆಯ ಟೀಯನ್ನು ಆ ಲೋಟಕ್ಕೆ ಬಗ್ಗಿಸಿ, ತಾನೊಂದು ಗುಟುಕು ಕುಡಿದು ಬಿಸಿ ನೋಡಿ, ಗೊತ್ತಪ್ಪನ ಕೈಗೆ ಕೊಡುತ್ತಿದ್ದ. ಸಂಜೆ ಗೊತ್ತಪ್ಪನೂ ಅದೇ ಸೇವೆ ಸಲ್ಲಿಸುತ್ತಿದ್ದ. ದಿನಕ್ಕೆ ಅವರು ಸೇರುತ್ತಿದ್ದದ್ದು ಅಷ್ಟೇ ಹೊತ್ತು. ಆದರೂ ಅಣ್ಣತಮ್ಮಂದಿರಿಗಿಂತ ಹೆಚ್ಚಾಗಿದ್ದರು. ಪಾಲು ಮಾಡಿಕೊಳ್ಳಲು ಆಸ್ತಿ ಇಲ್ಲದ್ದರಿಂದ ಜಗಳಕ್ಕೂ ದಾರಿ ಇರಲಿಲ್ಲ.

ಈಚೆಗೆ ಈ ನಂಟು ಇನ್ನೂ ಗಟ್ಟಿಯಾಗುವ ಲಕ್ಷಣ ಕಂಡಿತ್ತು. ಗೊತ್ತಪ್ಪನ ಮಗಳು ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸಕ್ಕಿದ್ದಳು. ಬೆಟ್ಟಣ್ಣನ ಮಗನದು ಟೈರ್ ರಿಪೇರಿ ಅಂಗಡಿ. ಪಂಕ್ಚರ್ ಹಾಕುವವನಿಗೆ ಇಷ್ಟೊಂದು ಬ್ಯಾಂಡೇಜು ಯಾಕೆ ಬೇಕಾಗುತ್ತದೆ ಎಂದು ಔಷಧಿ ಅಂಗಡಿಯ ಯಜಮಾನರಿಗೆ ಅನುಮಾನ ಬಂದು, ಸುದ್ದಿ ಎರಡೂ ಮನೆ ತಲುಪಿ, ಎರಡೂ ಮನೆಯವರು ಹಾಲು ಕುಡಿದಷ್ಟು ಸಂತೋಷಪಟ್ಟಿದ್ದರು. ಬರುವ ಭಾನುವಾರ ಬೆಟ್ಟಣ್ಣನ ಮನೆಯವರು ಮದುವೆಯ ಮಾತು ಪಕ್ಕಾ ಮಾಡಲು ಗೊತ್ತಪ್ಪನ ಮನೆಗೆ ಬರುವುದೆಂದು ಗೊತ್ತಾಗಿತ್ತು. ಅಂದಿನಿಂದ ಇಬ್ಬರು ಆಪರೇಟರುಗಳೂ ಅಜ್ಜಿಯ ಏಣಿಯ ಬುಡದಲ್ಲಿ ಒಬ್ಬರನ್ನೊಬ್ಬರು “ಬೀಗರೇ” ಎಂದು ಕರೆದುಕೊಂಡು, ಹೊಸ ಚಪ್ಪಲಿ ಹಾಕಿಕೊಂಡವರ ಹಾಗೆ ನಾಚಿ ನಗುತ್ತಿದ್ದರು.

ಇಂಥ ಹೊತ್ತಿನಲ್ಲಿ ಕ್ವಾರಿಗೆ ಕಣ್ಣುಬೇನೆ ಬಂತು. ಲೋಡರಿನ ಹಗಲಿನವನು ಕಣ್ಣುಜ್ಜಿದ ಕೈಯಲ್ಲಿ ಲಿವರ್ ಹಿಡಿದ. ರಾತ್ರಿಯವನು ಲಿವರ್ ಹಿಡಿದ ಕೈಯಲ್ಲಿ ಕಣ್ಣುಜ್ಜಿದ. ಹೀಗೆ ಯಂತ್ರದಿಂದ ಯಂತ್ರಕ್ಕೆ ದಾಟಿತು. ಒಂದು ಬೆಳಿಗ್ಗೆ ಕೆಂಗಣ್ಣು ಬಿಟ್ಟುಕೊಂಡು ಗುಂಪಾಗಿ ಬಂದ ಕೆಲಸಗಾರರನ್ನು ನೋಡಿ ಮ್ಯಾನೇಜರು ಮುಷ್ಕರವೇ ಇರಬೇಕೆಂದು ಹೆದರಿ ಆಫೀಸಿನ ಬಾಗಿಲು ಹಾಕಿಕೊಂಡರಂತೆ.

ಹೊಸದಾಗಿ ಬಂದಿದ್ದ ಸೇಫ್ಟಿ ಮೇಡಂ ಹಗಲಿನ ಕೆಲಸಗಾರರನ್ನೆಲ್ಲ ಕ್ಯಾಂಟೀನಿನಲ್ಲಿ ಕೂರಿಸಿದರು. ವಯಸ್ಸು ಚಿಕ್ಕದು, ಗಂಟಲು ದೊಡ್ಡದು.

“ಕಣ್ಣುಬೇನೆ ನೋಡಿದ್ರೆ ಬರಲ್ಲ, ಕೈಯಿಂದ ಬರುತ್ತೆ. ಲಿವರ್, ಬಾಗಿಲ ಹಿಡಿ, ಬೆಲ್ಟು, ಕೈ ತಾಗೋ ಜಾಗ ಎಲ್ಲಾನೂ ಔಷಧಿ ಹಾಕಿ ಒರೆಸ್ಬೇಕು. ಟವೆಲ್ಲು, ಲೋಟ ಅವರವರದ್ದು ಅವರವರಿಗೆ. ಇನ್ನು ಯಾವಾಗ ಒರೆಸ್ಬೇಕು ಅಂದ್ರೆ...”

“ಗೊತ್ತು ಮೇಡಂ,” ಎಂದ ಗೊತ್ತಪ್ಪ, ಮೊದಲ ಬೆಂಚಿನಿಂದ.

ಮೇಡಂಗೆ ಅವನ ಇತಿಹಾಸ ತಿಳಿಯದು. ಬರಡು ಮುಖಗಳ ನಡುವೆ ಒಬ್ಬನಾದರೂ ತಿಳಿದವನು ಸಿಕ್ಕನಲ್ಲ ಎಂದು ಅವರ ಮುಖ ಅರಳಿತು. “ನಿಮಗೆ ಮೊದಲೇ ತರಬೇತಿ ಆಗಿದ್ಯಾ?”

“ಆಗದೆ ಏನು ಮೇಡಂ.”

“ಹಾಗಾದ್ರೆ ಕ್ಯಾಬ್ ಶುಚಿತ್ವಕ್ಕೆ ನೀವೇ ಮುಖ್ಯಸ್ಥರು,” ಎಂದು ಮೇಡಂ ಚೀಲದಿಂದ ಒಂದು ಹಸಿರು ತೋಳುಪಟ್ಟಿ ತೆಗೆದುಕೊಟ್ಟರು. ಆಮೇಲೆ ಉಳಿದವರ ಕಡೆ ತಿರುಗಿ, “ಪಾಳಿ ಮುಗಿಸಿ ಇಳಿಯೋರು ತಾವು ಮುಟ್ಟಿದ್ದನ್ನೆಲ್ಲ ಒರೆಸಿ ಇಳೀಬೇಕು. ಹತ್ತೋರಿಗೆ ಚೊಕ್ಕಟವಾಗಿ ಬಿಟ್ಟುಕೊಡ್ಬೇಕು,” ಎಂದರು. ಇಡೀ ಸಭೆಯಲ್ಲಿ ಮುಖ್ಯವಾದ ಮಾತು ಅದೇ. ಅದನ್ನು ಕೇಳದೆ ಇದ್ದವನು ಮುಖ್ಯಸ್ಥನೊಬ್ಬನೇ. ಅವನು ತೋಳುಪಟ್ಟಿಯ ಗುಂಡಿ ಹಾಕಿಕೊಳ್ಳುತ್ತಿದ್ದ.

“ರಾತ್ರಿ ಪಾಳಿಯೋರು ಈಗ ಮಲಗಿರ್ತಾರೆ. ನಿಮ್ಮ ಜೊತೆಯವರಿಗೆ ನೀವೇ ಹೇಳ್ತೀರಲ್ಲ?”

“ಗೊತ್ತು ಮೇಡಂ.”

ಅದು ಆ ಪ್ರಶ್ನೆಗೆ ಉತ್ತರವಲ್ಲ ಎಂದು ಮೇಡಂಗೆ ಹೊಳೆಯಲಿಲ್ಲ.

ಸಂಜೆ ಪಾಳಿ ಬದಲಾಗುವಾಗ ಬೆಟ್ಟಣ್ಣನ ಕಣ್ಣು ನೇರವಾಗಿ ತೋಳಿಗೇ ಹೋಯಿತು. “ಏನಿದು ಬೀಗರೇ, ಹಸಿರು ಪಟ್ಟಿ?”

“ಮುಖ್ಯಸ್ಥನ್ನ ಮಾಡಿದಾರೆ. ಶುಚಿತ್ವಕ್ಕೆ.”

“ನಮ್ಮ ಬೀಗರು ಮುಖ್ಯಸ್ಥರು!” ಬೆಟ್ಟಣ್ಣ ಅವನ ಬೆನ್ನು ತಟ್ಟಿದ ರಭಸಕ್ಕೆ ಗೊತ್ತಪ್ಪ ಎರಡು ಹೆಜ್ಜೆ ಮುಂದೆ ಹೋದ. “ಮನೇಲಿ ಹೇಳ್ಬೇಕು ಇವಳಿಗೆ. ಎಂಥಾ ಕಡೆ ಸಂಬಂಧ ಬೆಳೆಸ್ತಿದೀವಿ ಅಂತ ತಿಳೀಲಿ.” ಈ ಸಂಭ್ರಮದಲ್ಲಿ ಹೇಳಬೇಕಾದ ಮಾತು ಲೋಟದ ಟೀಯ ಜೊತೆ ಹೊಟ್ಟೆಗೆ ಹೋಯಿತು.

ಮಾರನೆಯ ಬೆಳಿಗ್ಗೆ ಗೊತ್ತಪ್ಪ ಕ್ವಾರಿಗೆ ಬಂದ ವೇಷವೇ ಬೇರೆ. ಮೂಗುಬಾಯಿಗೆ ಮಾಸ್ಕು, ಮೊಣಕೈ ತನಕ ರಬ್ಬರ್ ಕೈಗವಸು, ಒಂದು ಕೈಯಲ್ಲಿ ಮಗಳ ಅಂಗಡಿಯಿಂದ ತಂದ ಔಷಧಿಯ ಸ್ಪ್ರೇ ಬಾಟಲಿ, ಇನ್ನೊಂದರಲ್ಲಿ ಬಟ್ಟೆ. ತೋಳಿನಲ್ಲಿ ಪಟ್ಟಿಯಂತೂ ಇದ್ದೇ ಇತ್ತು. ಅದನ್ನು ಅವನು ಮಲಗುವಾಗಲೂ ತೆಗೆದಿರಲಿಲ್ಲ. ಬೆಟ್ಟಣ್ಣ ಎಂದಿನಂತೆ ಏಣಿ ಇಳಿದು, ಒಂದು ಗುಟುಕು ಕುಡಿದು ಬಿಸಿ ನೋಡಿದ ಟೀ ಲೋಟವನ್ನು ಮುಂದೆ ಹಿಡಿದ.

“ತಗೊಳ್ಳಿ ಬೀಗರೇ.”

“ಅಲ್ಲಿಡಿ, ಅಲ್ಲಿಡಿ! ಮುಟ್ಟಬೇಡಿ!” ಎನ್ನುತ್ತ ಗೊತ್ತಪ್ಪ ಅವನನ್ನು ಬಳಸಿಕೊಂಡು ಹೋಗಿ, ಬೆಟ್ಟಣ್ಣನ ಕೈ ಆಗಷ್ಟೇ ಬಿಟ್ಟಿದ್ದ ಏಣಿಯ ಕಂಬಿಗೆ ಫುಸ್ ಎಂದು ಹೊಡೆದ. ಬಾಗಿಲ ಹಿಡಿಗೆ ಫುಸ್. ಲಿವರುಗಳಿಗೆ ಫುಸ್ ಫುಸ್. ಸೀಟಿನ ಹಳ್ಳಕ್ಕೆ ಬಾಟಲಿಯ ಕಾಲುಭಾಗ. ಟವೆಲ್ಲನ್ನು ಸತ್ತ ಇಲಿಯನ್ನು ಎತ್ತುವಂತೆ ಎರಡು ಬೆರಳಲ್ಲಿ ಎತ್ತಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಗಂಟಿನ ಮೇಲೂ ಒಂದು ಫುಸ್ ಕೊಟ್ಟ.

ಬೆಟ್ಟಣ್ಣ ಕೆಳಗೆ ಲೋಟ ಹಿಡಿದು ನಿಂತೇ ಇದ್ದ. “ಏನಾಯ್ತು ಬೀಗರೇ?”

“ಕ್ರಿಮಿ!”

“ಯಾರ ಕ್ರಿಮಿ?”

“ನಿಮ್ದೇ, ಇನ್ಯಾರ್ದು?” ಎಂದ ಗೊತ್ತಪ್ಪ, ಬಹಳ ನ್ಯಾಯವಾಗಿ. “ರಾತ್ರಿಯೆಲ್ಲ ಇಲ್ಲಿ ಕೂತಿದ್ದು ನೀವೊಬ್ರೇ ತಾನೆ?”

ಲೆಕ್ಕಕ್ಕೆ ಆ ಮಾತು ಸರಿ. ಆದರೆ ಲೆಕ್ಕಕ್ಕೆ ಸರಿಯಾದದ್ದೆಲ್ಲ ಬೀಗರಿಗೆ ಹೇಳುವಂಥದ್ದಲ್ಲ. ಬೆಟ್ಟಣ್ಣ ಲೋಟದ ಟೀಯನ್ನು ನೆಲಕ್ಕೆ ಚೆಲ್ಲಿ, ಲೋಟವನ್ನು ಕಿಸೆಗೆ ಹಾಕಿಕೊಂಡು, ತಿರುಗಿ ನೋಡದೆ ನಡೆದುಬಿಟ್ಟ.

ಇದನ್ನೆಲ್ಲ ಪಕ್ಕದಲ್ಲಿ ನಿಂತಿದ್ದ ಟಿಪ್ಪರಿನ ಕಿಟಕಿಯಿಂದ ಒಬ್ಬ ನೋಡುತ್ತಿದ್ದ. ಅವನೇ ರೇಡಿಯೋ. ಕ್ವಾರಿಯಿಂದ ಹೊರಗೆ ಜಲ್ಲಿ ಸಾಗಿಸುವುದು ಅವನ ಉದ್ಯೋಗ; ಸುದ್ದಿ ಸಾಗಿಸುವುದು ಧರ್ಮ. ಆದರೂ ನ್ಯಾಯಕ್ಕೆ ಹೇಳಬೇಕು, ಅವನು ಮೊದಲು ಗೊತ್ತಪ್ಪನನ್ನು ತಿದ್ದಲು ನೋಡಿದ.

“ಅಲ್ಲಪ್ಪಾ ಗೊತ್ತಪ್ಪ, ನಿನ್ನೆ ಮೇಡಂ ಹೇಳಿದ್ದು ಇಳಿಯೋ...”

“ಗೊತ್ತು, ಗೊತ್ತು,” ಎಂದ ಗೊತ್ತಪ್ಪ ಗಾಜು ಒರೆಸುತ್ತ.

“ಗೊತ್ತಿದ್ರೆ ಸರಿ,” ಎಂದು ರೇಡಿಯೋ ಗೇರ್ ಹಾಕಿದ. ಗೊತ್ತಿದ್ದೂ ಹೀಗೆ ಮಾಡುತ್ತಿದ್ದಾನೆ ಎಂದರೆ ಒಳಗೆ ಏನೋ ದೊಡ್ಡದೇ ಇರಬೇಕಲ್ಲ?

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಎಲ್ಲ ಕಡೆಯೂ ಇರುತ್ತಾರೆ. ಜಲ್ಲಿ ಇಳಿಸುವ ಮೊದಲ ಜಾಗದಲ್ಲಿ ಬೆಟ್ಟಣ್ಣನಿಗೆ ಹುಷಾರಿಲ್ಲ ಎಂದಾಯಿತು. ಎರಡನೆಯ ಜಾಗದಲ್ಲಿ ಅಂಟುರೋಗವಂತೆ ಎಂದಾಯಿತು. ಟಿಪ್ಪರ್ ಮರಳಿ ಬರುವಷ್ಟರಲ್ಲಿ, ಬೀಗರೇ ಹತ್ತಿರ ಸೇರಿಸುತ್ತಿಲ್ಲ ಎಂದರೆ ಹೇಳಬಾರದಂಥ ರೋಗವೇ ಇರಬೇಕು ಎಂಬಲ್ಲಿಗೆ ಬಂದು ಮುಟ್ಟಿತ್ತು. ಭಾನುವಾರಕ್ಕೆಂದು ಕ್ಷೌರ ಮಾಡಿಸಿಕೊಳ್ಳಲು ಹೋದ ಬೆಟ್ಟಣ್ಣನಿಗೆ ಕ್ಷೌರಿಕ ಎರಡು ಬಟ್ಟೆ ಹೊದಿಸಿ, ತೋಳು ಉದ್ದ ಚಾಚಿ, ಮುಖ ಆಚೆ ತಿರುಗಿಸಿಕೊಂಡೇ ಕತ್ತರಿ ಆಡಿಸಿದ. ಮುಖ ತಿರುಗಿಸಿಕೊಂಡು ಮಾಡಿದ ಕ್ಷೌರ ಹೇಗಿರಬೇಕೋ ಹಾಗೇ ಇತ್ತು.

ಸಂಜೆ ಬೆಟ್ಟಣ್ಣ ಕೆಲಸಕ್ಕೆ ಬಂದಾಗ ಒಂದು ಕಿವಿಯ ಮೇಲೆ ಕೂದಲಿತ್ತು, ಒಂದು ಕಿವಿಯ ಮೇಲೆ ಇರಲಿಲ್ಲ. ಕೈಯಲ್ಲಿ ಬಕೆಟ್ಟು, ಬಗಲಲ್ಲಿ ಉದ್ದ ಹಿಡಿಯ ಬ್ರಷ್ಷು. ಗೊತ್ತಪ್ಪ ಇಳಿಯುತ್ತಿದ್ದಂತೆ ಅವನು ಹಿಂದೆಯೇ ಸೋಪಿನ ನೀರೆರಚಿ ಏಣಿ ತಿಕ್ಕಿದ, ಲಿವರು ತಿಕ್ಕಿದ, ಸೀಟನ್ನು ಇಳಿಬಿಸಿಲಿಗೆ ಮಗುಚಿದ, ಗೊತ್ತಪ್ಪ ನಿಂತಿದ್ದ ನೆಲಕ್ಕೂ ಒಂದು ಚೊಂಬು ಸುರಿದ. ಯಾರಾದರೂ ಆಗಿದ್ದರೆ ಇದು ಸೇಡು ಎಂದು ತಿಳಿಯುತ್ತಿದ್ದರು. ನಮ್ಮ ಗೊತ್ತಪ್ಪನಿಗೆ ಎದೆ ತುಂಬಿ ಬಂತು.

“ಹೇಳಿಕೊಡದೇನೇ ಕಲಿತುಬಿಟ್ರಲ್ಲ ಬೀಗರೇ! ಭೇಷ್!”

“ನಿಮ್ಮಂಥ ಗುರುಗಳು ಸಿಕ್ಕಿದ ಮೇಲೆ ಕಲೀದೆ ಇರೋಕಾಗುತ್ತಾ, ಆಪರೇಟ್ರೇ?” ಎಂದ ಬೆಟ್ಟಣ್ಣ.

ಬೀಗರು ಆಪರೇಟರಾದದ್ದನ್ನು ಗೊತ್ತಪ್ಪ ಗಮನಿಸಲಿಲ್ಲ.

ಅಲ್ಲಿಂದ ಮುಂದೆ ಬೆಳಿಗ್ಗೆ ಹತ್ತುವವನು ರಾತ್ರಿಯವನ ಕೊಳೆ ತೊಳೆದ. ಸಂಜೆ ಹತ್ತುವವನು ಹಗಲಿನವನ ಕೊಳೆ ತೊಳೆದ. ಇಬ್ಬರೂ ಎದುರೆದುರೇ ತೊಳೆದರು. ಟಿಪ್ಪರುಗಳು ಸಾಲುಗಟ್ಟಿ ಹಾರ್ನ್ ಹೊಡೆದವು. ಮ್ಯಾನೇಜರು ಓಡಿಬಂದು, “ಏನ್ರಯ್ಯಾ, ಕಲ್ಲು ತುಂಬೋಕೆ ಇಟ್ಟ ಯಂತ್ರಾನ ಪ್ರದರ್ಶನಕ್ಕೆ ಇಡ್ತೀರೇನ್ರಯ್ಯಾ?” ಎಂದು ಕೂಗಿದರೆ ಗೊತ್ತಪ್ಪ ತೋಳುಪಟ್ಟಿ ತೋರಿಸಿದ. ಅಜ್ಜಿಯ ಹಳದಿ ಬಣ್ಣ ಹೊಸದಾಗಿ ತಂದ ದಿನವೂ ಅಷ್ಟು ಹೊಳೆದಿರಲಿಲ್ಲ. ಗಾಜು ಎಷ್ಟು ತಿಳಿಯಾಯಿತೆಂದರೆ, ಗಾಜೇ ಇಲ್ಲವೆಂದುಕೊಂಡ ಒಂದು ಕಾಗೆ ನೇರ ಬಂದು ಹೊಡೆದುಕೊಂಡು, ಸ್ವಲ್ಪ ಹೊತ್ತು ಬಾನೆಟ್ಟಿನ ಮೇಲೆ ಕೂತು ಯೋಚನೆ ಮಾಡಿ ಹೋಯಿತು.

ಒಂದು ಸಂಜೆ ಗೊತ್ತಪ್ಪ ಮನೆಗೆ ಬಂದಾಗ ಮಹಡಿ ಮನೆಯಾಕೆ ಅವನ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೆಂಡತಿಗೆ ಬುದ್ಧಿ ಹೇಳುತ್ತಿದ್ದಳು. ಈ ಹೆಂಗಸಿಗೆ ಅಕ್ಕಪಕ್ಕದವರ ಸುಖದುಃಖವೆಂದರೆ ತುಂಬ ಪ್ರೀತಿ, ಅದರಲ್ಲೂ ದುಃಖ.

“ನಾನಾದ್ರೆ ಅಂಥಾ ಮನೆಗೆ ಕೊಡ್ತಿರ್ಲಿಲ್ಲಮ್ಮ. ಆ ಬೆಟ್ಟಣ್ಣನ್ನ ನೋಡಿದ್ರಾ? ಅರ್ಧ ತಲೆ ಕೂದಲೇ ಉದುರಿಹೋಗಿದೆ, ರೋಗಕ್ಕೆ!”

ಅವಳು ಹೋಗುತ್ತಿದ್ದಂತೆ ಫೋನು ಬಡಿದುಕೊಂಡಿತು. ಹೆಂಡತಿ ಎತ್ತಿದಳು. ಬೆಟ್ಟಣ್ಣನ ಹೆಂಡತಿಯ ದನಿ ಕೋಣೆಯ ಮೂಲೆಗೂ ಕೇಳಿಸುವಂತಿತ್ತು.

“ಒಂದು ಮಾತು ಕೇಳ್ಬೇಕಿತ್ತು ಅಕ್ಕಾ. ಭಾನುವಾರ ನಾವು ಬಂದು ಕೂತು ಎದ್ದ ಮೇಲೆ ಕುರ್ಚಿ ತೊಳೆದಿಡ್ತೀರೋ, ಇಲ್ಲಾ ಬೀದಿಗೆ ಎಸೀತೀರೋ?”

“ಅಯ್ಯೋ, ಏನ್ ಮಾತು ಅಂತ ಆಡ್ತೀರಿ!”

“ನಮ್ಮ ಮನೆಯೋರು ಊಟ ಬಿಟ್ಟಿದಾರೆ. ಅಷ್ಟು ವರ್ಷ ಒಂದೇ ಲೋಟದಲ್ಲಿ ಕುಡಿದೋನು ನನ್ನ ಟವೆಲ್ಲಿಗೆ ಹೆಣದ ಥರ ಚೀಲ ಕಟ್ಟಿದ ಅಂತ ಕಣ್ಣಲ್ಲಿ ನೀರು ಹಾಕ್ಕೋತಾರೆ. ಅವರಿಗೆ ಮನಸ್ಸಿಲ್ಲದ ಕಡೆ ನಾವು ಬರಲ್ಲ. ಹುಡುಗ ಏನಾದ್ರೂ ಅನ್ಕೊಳ್ಳಲಿ.” ಫೋನು ಇಟ್ಟ ಸದ್ದಾಯಿತು.

ಮಗಳು ಗೋಡೆಗೆ ಒರಗಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಅಳಲಿಲ್ಲ, ಕೂಗಲಿಲ್ಲ. ಅಪ್ಪನ ಎದುರು ಸ್ಟೂಲು ಎಳೆದುಕೊಂಡು ಕೂತಳು.

“ಅಪ್ಪಾ, ಒರೆಸೋದು ಯಾವಾಗ ಅಂತ ಮೇಡಂ ಹೇಳಿದ್ರು? ಹತ್ತುವಾಗಲೋ, ಇಳಿಯುವಾಗಲೋ?”

“ಗೊತ್ತು...”

“ಗೊತ್ತು ಅನ್ನದೆ ಹೇಳು.”

ಗೊತ್ತಪ್ಪ ಬಾಯಿ ತೆರೆದ. ಒಳಗೆ ಹುಡುಕಿದ. ಕ್ಯಾಂಟೀನು ಕಂಡಿತು, ಬೆಂಚು ಕಂಡಿತು, ತೋಳುಪಟ್ಟಿಯ ಹಸಿರು ಬಣ್ಣ ಕಂಡಿತು. ಮೇಡಂ ಬಾಯಿ ಅಲ್ಲಾಡುವುದೂ ಕಂಡಿತು, ಮಾತು ಮಾತ್ರ ಕೇಳಿಸಲಿಲ್ಲ.

“ನಾಳೆ ಹೋಗಿ ಕೇಳ್ಕೊಂಡು ಬಾ,” ಎಂದಳು ಮಗಳು.

“ಮುಖ್ಯಸ್ಥನಾಗಿ ಹೋಗಿ ಕೇಳೋದಾ? ಏನಂತ ಕೇಳ್ಲಿ? ಎಲ್ರ ಎದುರು ಗೊತ್ತು ಅಂದಿದೀನಲ್ಲೇ!”

“ಹಾಗಾದ್ರೆ ಆ ಪಟ್ಟಿ ಇಟ್ಕೋ. ಭಾನುವಾರ ಆರಾಮಾಗಿ ಮಲ್ಕೊಳ್ಳೋಣ, ಹೇಗೂ ಯಾರೂ ಬರಲ್ಲ.” ಅವಳು ಎದ್ದು ಹೋದಳು. ಆಗ ದನಿ ಸ್ವಲ್ಪ ಒಡೆದಿತ್ತು. ಹೆಂಡತಿ ಅವನ ಮುಂದೆ ತಟ್ಟೆ ಇಟ್ಟು ಒಳಗೆ ನಡೆದಳು. ಬೈಯುವ ಹೆಂಡತಿ ಬೈಯದೆ ಹೋದರೆ ಗಂಡನಿಗೆ ಅನ್ನ ಇಳಿಯುವುದಿಲ್ಲ, ಗೊತ್ತಪ್ಪನಿಗೂ ಇಳಿಯಲಿಲ್ಲ.

ಮರುದಿನ ಪೂರ್ತಿ ಅವನು ಮೇಡಂ ಆಫೀಸಿನ ಕಡೆ ಮೂರು ನಾಲ್ಕು ಸಲ ಹೋಗಿ, ಬಾಗಿಲ ತನಕ ಹೋದವನೇ ನೀರು ಕುಡಿದು ವಾಪಸು ಬಂದ. ನಾಲಿಗೆಗೆ ಒಂದೇ ಮಾತು ಅಭ್ಯಾಸವಾಗಿಬಿಟ್ಟರೆ ಇನ್ನೊಂದು ಮಾತು ಹೊರಳುವುದು ಸುಲಭವಲ್ಲ. ಕೊನೆಗೆ ಮೇಡಂ ತಾವೇ ಅವನನ್ನು ಹುಡುಕಿಕೊಂಡು ಬಂದರು, ಅದೂ ಸಂಜೆ ಪಾಳಿ ಬದಲಾಗುವ ಹೊತ್ತಿಗೆ, ಇಡೀ ಕ್ವಾರಿಯನ್ನು ಹಿಂದೆ ಕಟ್ಟಿಕೊಂಡು.

ಕ್ವಾರಿಯೆಲ್ಲ ಕಪ್ಪು ಕನ್ನಡಕಮಯವಾಗಿತ್ತು. ಲೋಡರಿನ ಇಬ್ಬರಿಗೂ ಕಣ್ಣು ಕೆಂಪು, ಕ್ರಷರಿನವರಿಗೂ ಕೆಂಪು, ಬಾಗಿಲು ಹಾಕಿಕೊಂಡಿದ್ದ ಮ್ಯಾನೇಜರಿಗೂ ಕೆಂಪು. ಬೆಳ್ಳಗಿನ ಕಣ್ಣು ಉಳಿದಿದ್ದದ್ದು ಅಜ್ಜಿಯ ಮೊಮ್ಮಕ್ಕಳಿಬ್ಬರದು ಮಾತ್ರ.

“ಎಲ್ಲರೂ ನೋಡಿ,” ಎಂದರು ಮೇಡಂ. “ಈ ಕ್ಯಾಬ್ ಹೇಗಿದೆ, ಈ ಇಬ್ಬರ ಕಣ್ಣು ಹೇಗಿದೆ! ಈಗ ಇವರು ಪಾಳಿ ಬಿಟ್ಟುಕೊಡೋದು ಹೇಗೆ ಅಂತ ತೋರಿಸ್ತಾರೆ.”

ಗೊತ್ತಪ್ಪ ಕ್ಯಾಬಿನಿಂದ ಕಾಲು ಹೊರಗಿಟ್ಟು ಇಳಿಯತೊಡಗಿದ. ಕೆಳಗೆ ಬೆಟ್ಟಣ್ಣ ಬಕೆಟ್ ಹಿಡಿದು, ಬೇರೆ ಕಡೆ ನೋಡುತ್ತ ನಿಂತಿದ್ದ.

“ನಿಲ್ಲಿ, ನಿಲ್ಲಿ! ಒರೆಸದೇನೇ ಇಳೀತಿದೀರಲ್ಲ?” ಎಂದರು ಮೇಡಂ.

“ಒರೆಸೋದು ಬೆಳಿಗ್ಗೆ ಮೇಡಂ. ಹತ್ತುವಾಗ.”

“ಹತ್ತುವಾಗ ಯಾರದ್ದು ಒರೆಸ್ತೀರಿ?”

“ಇವರದ್ದು.”

“ನಿಮ್ಮದನ್ನ ಯಾರು ಒರೆಸ್ತಾರೆ?”

“ಇವರೇ,” ಎಂದು ಗೊತ್ತಪ್ಪ ಬೆಟ್ಟಣ್ಣನನ್ನು ತೋರಿಸಿದ. ದನಿ ಇಳಿಯುತ್ತ ಬಂದಿತ್ತು.

ಮೇಡಂ ಹಣೆ ಚಚ್ಚಿಕೊಂಡರು. “ಇಳಿಯೋರು ತಮ್ಮದನ್ನ ತಾವು ಒರೆಸಿ, ಮುಂದಿನವರಿಗೆ ಚೊಕ್ಕಟ ಮಾಡಿಕೊಟ್ಟು ಇಳೀರಿ ಅಂತ ತಾನೇ ನಾನು ಹೇಳಿದ್ದು? ಇಳಿದವರ ಎದುರೇ ನಿಂತು ಅವರ ಕೈ ತಾಗಿದ್ದನ್ನ ತೊಳೆದ್ರೆ ಅವರಿಗೆ ಹೇಗನ್ನಿಸುತ್ತೆ? ನಿಮಗೆ ಇದೆಲ್ಲ ಗೊತ್ತಿತ್ತಲ್ಲ?”

ಕಪ್ಪು ಕನ್ನಡಕಗಳೆಲ್ಲ ಒಟ್ಟಿಗೆ ಏಣಿಯ ಕಡೆ ತಿರುಗಿದವು. ಗೊತ್ತಪ್ಪ ಏಣಿಯ ನಡುವೆ, ಅತ್ತ ಮೇಲೂ ಅಲ್ಲದೆ ಇತ್ತ ಕೆಳಗೂ ಅಲ್ಲದೆ ನಿಂತಿದ್ದ. ‘ಗೊತ್ತಿತ್ತು, ಬೇಕಂತಲೇ ಮಾಡಿದೆ’ ಎಂದರೆ ಪಟ್ಟಿ ಉಳಿಯುತ್ತದೆ, ಸಂಬಂಧ ಹೋಗುತ್ತದೆ. ಅವನು ಕೆಳಗೆ ನೋಡಿದ. ಬೆಟ್ಟಣ್ಣನ ಅರ್ಧ ಬೋಳು ತಲೆ ಕಂಡಿತು, ಅಂಗಿಯ ಕಿಸೆಯಲ್ಲಿ ಆ ಸ್ಟೀಲ್ ಲೋಟದ ಅಂಚು ಕಂಡಿತು. ಅಷ್ಟು ಸಿಟ್ಟಿನಲ್ಲೂ ಅದನ್ನು ಎಸೆದಿರಲಿಲ್ಲ ಪುಣ್ಯಾತ್ಮ.

“ಗೊತ್ತಿರ್ಲಿಲ್ಲ,” ಎಂದ ಗೊತ್ತಪ್ಪ.

ರೇಡಿಯೋ ಕನ್ನಡಕ ತೆಗೆದು ಕಿವಿ ತಿಕ್ಕಿಕೊಂಡ. “ಏನಂದ?” ಎಂದು ಮ್ಯಾನೇಜರು ಪಕ್ಕದವನನ್ನು ಕೇಳಿದರು. ಪಕ್ಕದವನಿಗೂ ನಂಬಿಕೆ ಬಂದಿರಲಿಲ್ಲ.

“ನಂಗೆ ಗೊತ್ತಿರ್ಲಿಲ್ಲ ಬೆಟ್ಟಣ್ಣಾ. ಮೇಡಂ ಹೇಳುವಾಗ ನಾನು ಈ ಪಟ್ಟಿ ಕಟ್ಕೊಳ್ತಾ ಇದ್ದೆ. ಕೇಳಿಸ್ಕೊಳ್ಳಲಿಲ್ಲ. ನಿಮಗೆ ಹೇಳೋದೂ ಮರೆತೆ. ನಿಮಗೇನೂ ರೋಗ ಇಲ್ಲ. ಇರೋದು ನಂಗೆ, ನಾಲಿಗೇಲಿ.”

ಇಷ್ಟು ಹೇಳಿ ಅವನು ತಿರುಗಿ ಕ್ಯಾಬ್ ಹತ್ತಿದ. ತಾನು ಹಿಡಿದಿದ್ದ ಲಿವರುಗಳನ್ನು ಒರೆಸಿದ, ಬೆಲ್ಟಿನ ಬಕಲು ಒರೆಸಿದ, ಬಾಗಿಲ ಹಿಡಿ ಒರೆಸಿದ, ಸೀಟಿನ ಹಳ್ಳವನ್ನು ಮಗುವಿನ ತಲೆ ಒರೆಸುವ ಹಾಗೆ ಮೆತ್ತಗೆ ಒರೆಸಿದ. ಹಿಂದೆ ಹಿಂದೆ ಇಳಿಯುತ್ತ ಏಣಿಯ ಒಂದೊಂದೇ ಮೆಟ್ಟಿಲನ್ನೂ ಒರೆಸಿಕೊಂಡು ನೆಲಕ್ಕೆ ಬಂದು, ಪಕ್ಕಕ್ಕೆ ಸರಿದು ನಿಂತ.

“ಬನ್ನಿ ಬೆಟ್ಟಣ್ಣಾ. ನನ್ನ ಕ್ರಿಮಿ ಎಲ್ಲ ತೆಗ್ದಿದೀನಿ.”

ಬೆಟ್ಟಣ್ಣ ಬಕೆಟ್ ಕೆಳಗಿಟ್ಟ. “ಅದೇನು ಬೆಟ್ಟಣ್ಣ?” ಎಂದ. “ಬೀಗರೇ ಅನ್ನೋಕೆ ಏನು ಧಾಡಿ ನಿಮಗೆ?”

ಆಮೇಲೆ ಇಬ್ಬರಿಗೂ ಕಟ್ಟೆ ಒಡೆಯಿತು. ಬೆಟ್ಟ ಅತ್ತರೆ ಹೇಗಿರುತ್ತದೋ ಊಹಿಸಿಕೊಳ್ಳಿ; ಗೊತ್ತಪ್ಪ ಆ ತೋಳಿನೊಳಗೆ ಎಲ್ಲಿ ಹೋದನೆಂದು ಕಾಣಲೇ ಇಲ್ಲ, ಒಂದು ಹಸಿರು ಪಟ್ಟಿ ಮಾತ್ರ ಹೊರಗಿತ್ತು. ನೋಡಿದವರೆಲ್ಲ ಮೂಗೆಳೆದರು. ಎಲ್ಲರಿಗಿಂತ ಹೆಚ್ಚು ಕರಗಿದವನು ರೇಡಿಯೋ. ಬೆಂಕಿಗೆ ತುಪ್ಪ ಸುರಿದ ಪಾಪಪ್ರಜ್ಞೆಯೂ ಇತ್ತಲ್ಲ. ಬೆಳಿಗ್ಗೆಯಿಂದ ತುರಿಸುತ್ತಿದ್ದ ತನ್ನ ಕಣ್ಣನ್ನು ಒತ್ತಿ ಒರೆಸಿಕೊಂಡು, ಅದೇ ಕರ್ಚೀಫನ್ನು ಬೆಟ್ಟಣ್ಣನ ಕೈಗಿಟ್ಟ. ಬೆಟ್ಟಣ್ಣ ಕಣ್ಣೊರೆಸಿಕೊಂಡು ಗೊತ್ತಪ್ಪನಿಗೆ ಕೊಟ್ಟ. ಗೊತ್ತಪ್ಪ ಎರಡೂ ಕಣ್ಣನ್ನು ಚೆನ್ನಾಗಿ, ಮೂಲೆ ಮೂಲೆ ಸೇರಿಸಿ ಒರೆಸಿಕೊಂಡ.

“ಅಯ್ಯೋ, ಕರ್ಚೀಫು! ಒಂದೇ ಕರ್ಚೀಫು...” ಎಂದು ಮೇಡಂ ಓಡಿಬಂದರು. ಗೊತ್ತಪ್ಪ ಅಭ್ಯಾಸಬಲದಿಂದ ಬಾಯಿ ತೆರೆದವನು ತಡೆದುಕೊಂಡು, “ಏನಂದ್ರಿ ಮೇಡಂ? ಪೂರ್ತಿ ಹೇಳಿ,” ಎಂದು ಬಹಳ ವಿನಯದಿಂದ ಕೇಳಿದ. ಆ ಹೊತ್ತಿಗೆ ಆಗುವುದು ಆಗಿಹೋಗಿತ್ತು.

ಭಾನುವಾರ ಬೆಟ್ಟಣ್ಣನ ಮನೆಯವರು ಬಂದರು. ಬೆಟ್ಟಣ್ಣ ಕಪ್ಪು ಕನ್ನಡಕ, ಅವನ ಹೆಂಡತಿ ಕಪ್ಪು ಕನ್ನಡಕ. ಬಾಗಿಲಲ್ಲಿ ಬರಮಾಡಿಕೊಂಡ ಗೊತ್ತಪ್ಪನೂ ಅವನ ಹೆಂಡತಿಯೂ ಕಪ್ಪು ಕನ್ನಡಕ. ಮಗಳು ಮಾತ್ರ ಮೊದಲೇ ಹುಷಾರಾಗಿ ಅಪ್ಪನ ಟವೆಲ್ಲು, ದಿಂಬು ಬೇರೆ ಇಟ್ಟಿದ್ದಳು. ಮನೆಯಲ್ಲಿ ಅವನಿಂದ ಮಾರು ದೂರವೇ ಇದ್ದಳು. ಆದರೂ ಅವಳ ಎಡಗಣ್ಣು ಕೆಂಪಾಗಿತ್ತು. ಹುಡುಗನ ಎಡಗಣ್ಣೂ ಕೆಂಪಾಗಿತ್ತು. ಇದು ಯಾವ ದಾರಿಯಿಂದ ಬಂತು ಎಂದು ದೊಡ್ಡವರು ಯಾರೂ ಕೇಳಲಿಲ್ಲ. ಕನ್ನಡಕದೊಳಗೇ ಒಬ್ಬರನ್ನೊಬ್ಬರು ನೋಡಿಕೊಂಡರು.

ಮಾತು ಹೂವು ಎತ್ತಿದಷ್ಟು ಸಲೀಸಾಗಿ ಮುಗಿಯಿತು. ಟೀ ಬಂತು, ಒಬ್ಬೊಬ್ಬರಿಗೆ ಒಂದೊಂದು ಲೋಟ. ಬೆಟ್ಟಣ್ಣ ತನ್ನ ಲೋಟ ನೋಡಿ ನಿಟ್ಟುಸಿರು ಬಿಟ್ಟ.

“ಎಲ್ಲಾ ಸರಿ ಬೀಗರೇ. ಇನ್ಮೇಲೆ ನಿಮ್ಮ ಟೀಗೆ ಬಿಸಿ ನೋಡೋರು ಯಾರು?”

“ನಾನೇ ನಾಲಿಗೆ ಸುಟ್ಕೋತೀನಿ ಬಿಡಿ. ಅದಕ್ಕೆ ಸುಡೋದೇ ಸರಿ,” ಎಂದ ಗೊತ್ತಪ್ಪ. ಅವನ ಹೆಂಡತಿ ಮದುವೆಯಾದ ಮೇಲೆ ಮೊದಲ ಸಲ ಗಂಡನ ಮಾತನ್ನು ಪೂರ್ತಿ ಒಪ್ಪಿದಳು.

ಹೊರಡುವ ಹೊತ್ತಾಯಿತು. ಮಹಡಿ ಮನೆಯಾಕೆ ಸಕ್ಕರೆ ಕೇಳುವ ನೆಪದಲ್ಲಿ ಬಂದು ಬಾಗಿಲಿಗೆ ಅಂಟಿಕೊಂಡಿದ್ದಳು. ಬೆಟ್ಟಣ್ಣ ಎದ್ದು ನಿಂತ. ಕಿಸೆಯಿಂದ ಒಂದು ಮಡಿಸಿದ ಬಟ್ಟೆ, ಒಂದು ಚಿಕ್ಕ ಬಾಟಲಿ ತೆಗೆದ. ತಾನು ಕೂತಿದ್ದ ಕುರ್ಚಿಯ ಕೈಗಳಿಗೆ ಫುಸ್ ಎಂದು ಹೊಡೆದು, ಆ ಭಾರಿ ದೇಹವನ್ನು ಬಗ್ಗಿಸಿ, ಒಂದು ಮೂಲೆಯನ್ನೂ ಬಿಡದೆ ಒರೆಸತೊಡಗಿದ.

ಮಹಡಿ ಮನೆಯಾಕೆ ಉಸಿರೆಳೆದುಕೊಂಡಳು. “ನೋಡಿದ್ರಾ, ನೋಡಿದ್ರಾ! ಮಾತು ಮುಗೀತಿದ್ದ ಹಾಗೇ ನಿಮ್ಮ ಕುರ್ಚೀನ ಹೇಗೆ ಒರೆಸ್ತಾ ಇದಾರೆ! ಇದರ ಅರ್ಥ ಏನು ಗೊತ್ತೇನ್ರೀ ನಿಮಗೆ?”

ಗೊತ್ತಪ್ಪ ಕನ್ನಡಕ ತೆಗೆದ. ಕಣ್ಣು ಕೆಂಪಾಗಿತ್ತು, ನೀರೂ ತುಂಬಿತ್ತು; ಎಲ್ಲವೂ ಬೇನೆಯಿಂದಲೇ ಬಂದದ್ದೆಂದು ಹೇಳಲಾಗುವುದಿಲ್ಲ. ಅವನು ಬೀಗರು ಒರೆಸಿ ಮುಗಿಸುವ ತನಕ ಕಾದ. ಅವಳು ಇನ್ನೇನಾದರೂ ಹೇಳುವುದಿದೆಯೇ ಎಂದೂ ಕಾದ. ಆಮೇಲೆ ಹೇಳಿದ.

“ಗೊತ್ತು.”